ಚಿಕ್ಕಬಾಣಾವರದ ಒಂದು ಹಳೆಯ ಗುಲಾಬಿಯ ಜಾತಿನಿರ್ಣಯ

ಶಿಲಾಶಾಸನವೊಂದರ ಕಾಲವನ್ನು ನಿರ್ಣಯಿಸಬೇಕಾದಾಗ ನಾವು ಲಿಪಿಯನ್ನೂ ಭಾಷೆಯನ್ನೂ ತಿಥಿವಾರಗಳನ್ನೂ ಪರೀಕ್ಷಿಸುತ್ತೇವೆ. ಗಿಡವೊಂದರ ಪ್ರಾಚೀನತೆಯ ಮಾತು ಬಂದಾಗ ಮಾತ್ರ ಹಿರಿಯರ ಬಾಯಿಮಾತನ್ನೇ ಪ್ರಮಾಣವೆಂದು ಅಂಗೀಕರಿಸಿಬಿಡುವುದುಂಟು. ಬೆಂಗಳೂರಿನ ವಾಯವ್ಯಕ್ಕೆ, ಹೆಸರಘಟ್ಟದ ಮಾರ್ಗದಲ್ಲಿರುವ ಚಿಕ್ಕಬಾಣಾವರದ ಹಳೆಯ ಮನೆಯೊಂದರ ಹಿತ್ತಲಿನಲ್ಲಿ ಆಳೆತ್ತರಕ್ಕೆ ಬೆಳೆದ ಗುಲಾಬಿಯ ಪೊದೆಯೊಂದಿದೆ. ಇದು ಟಿಪ್ಪು ಸುಲ್ತಾನನ ಕಾಲದಲ್ಲಿ ಲಾಲ್‌ಬಾಗಿನಿಂದ ಬಂದ ಕಡ್ಡಿಯ ಸಂತತಿಯೆಂಬ ಐತಿಹ್ಯವು ಆ ಮನೆಯಲ್ಲಿ ಮೂರು ತಲೆಗಳಿಂದ ನಡೆದುಬಂದಿದೆ. ಈಗ ಆ ಮನೆಯನ್ನು ಕೆಡವಿ, ನಿವೇಶನವನ್ನು ಭಾಗಮಾಡಿ, ಕಟ್ಟಡವನ್ನೆಬ್ಬಿಸುವ ಸನ್ನಾಹವಾಗಿದೆ. ಮನೆಯ ಯಜಮಾನರು "ಸುಲ್ತಾನರ ಕಾಲದ್ದೆಂದು ಪಂಡಿತರು ಬರೆದುಕೊಟ್ಟರೆ ಗಿಡಕ್ಕೆ ಜಾಗ ಬಿಡುತ್ತೇವೆ, ಇಲ್ಲವಾದರೆ ಗುಲಾಬಿ ಪೇಟೆಯಲ್ಲಿ ಬೇಕಾದಷ್ಟು ಸಿಕ್ಕುತ್ತದೆ" ಎಂದರು. ಈ ನಿಬಂಧನೆಯು ನನಗೆ ಸಮ್ಮತವಾಗಲಿಲ್ಲ. ಆದರೂ ಪರೀಕ್ಷೆಗೆ ಇದೇ ಕಾರಣವಾಯಿತು.

ಮೊದಲು ಐತಿಹ್ಯವನ್ನು ವಿಚಾರಿಸೋಣ. ಅದು ನಿರ್ಮೂಲವಾದ ಕಲ್ಪನೆಯೆಂದು ತಳ್ಳಿಹಾಕತಕ್ಕದ್ದಲ್ಲ. ಹೈದರಾಲಿಯು 1760ರಲ್ಲಿ ಆರಂಭಿಸಿದ ತೋಟವನ್ನು ಟಿಪ್ಪುವು ವಿಸ್ತರಿಸಿದನು. ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ಮಾರನೆಯ ವರ್ಷವೇ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಸಾಹೇಬರು ಇಲ್ಲಿಯ ಸುಲ್ತಾನನ ತೋಟಗಳನ್ನು ಕಣ್ಣಾರೆ ಕಂಡು ವರ್ಣಿಸಿರುವರು. ಚೌಕವಾದ ಪಾತಿಗಳು, ನಡುವೆ ಹಾದಿಗಳು, ಹಾದಿಯ ಅಂಚಿಗೆ ಸುರಹೊನ್ನೆಯಲ್ಲ, ಸೈಪ್ರೆಸ್ ಮರಗಳು. ಒಂದೊಂದು ಜಾತಿಗೆ ಒಂದೊಂದು ಪಾತಿ. ಅವುಗಳಲ್ಲಿ ಒಂದು ಪಾತಿಯ ತುಂಬ ಗುಲಾಬಿಯ ಗಿಡಗಳೇ ಇದ್ದುವೆಂದು ಅವರ ಬರಹದಿಂದ ತಿಳಿಯುತ್ತದೆ. ಆದುದರಿಂದ ಸುಲ್ತಾನನ ತೋಟದಲ್ಲಿ ಗುಲಾಬಿಯಿತ್ತೆಂಬುದು ಸಿದ್ಧವಾದ ಸಂಗತಿ. ಆ ಗುಲಾಬಿಯೂ ಈ ಗುಲಾಬಿಯೂ ಒಂದೆಯೇ ಎಂಬುದೇ ಪ್ರಶ್ನೆ.

ಹೆಸರುಗಳಿಂದ ಈ ಪ್ರಶ್ನೆಯನ್ನು ಬಿಡಿಸಲು ಹೊರಟರೆ ದಾರಿ ತಪ್ಪುವುದು. ನಾವು 'ಗುಲಾಬಿ' ಎಂದು ಯಾವುದನ್ನು ಕರೆಯುವೆವೋ ಆ ಶಬ್ದವು ಮೂಲದಲ್ಲಿ ಹೂವಿನ ಹೆಸರೇ ಅಲ್ಲ. ಪಾರಸಿಯಲ್ಲಿ 'ಗುಲ್' ಎಂದರೆ ಹೂವು, 'ಆಬ್' ಎಂದರೆ ನೀರು. 'ಗುಲಾಬ್' ಎಂಬುದು ಹೂವಿನಿಂದ ಇಳಿಸಿದ ನೀರು. ಹಿಂದುಸ್ತಾನಿಯಲ್ಲಿ ನೀರಿನ ಹೆಸರು ಹೂವಿಗೇರಿ, ಅಲ್ಲಿಂದ ನಮ್ಮಲ್ಲಿಗೆ ಬಂದಿತು. ನಮ್ಮವರು ನೀರಿಗೆ 'ಪನ್ನೀರು' ಎಂಬ ದ್ರಾವಿಡಶಬ್ದವನ್ನು ಉಳಿಸಿಕೊಂಡು, ಮತ್ತೆ ಆ ನೀರಿನ ಹೆಸರಿನಿಂದಲೇ ಒಂದು ಬಗೆಯ ಹೂವನ್ನು 'ಪನ್ನೀರು ಗುಲಾಬಿ' ಎಂದು ಕರೆದರು. ಎರಡು ಸಲವೂ ನೀರೇ ಹೂವಿಗೆ ನಾಮಕರಣ ಮಾಡಿರುವುದು ವಿನೋದಕರವಾಗಿದೆ! 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಆ ನಗರದ ಜನರಿಗೆ ಗುಲಾಬಿಯು ಅನ್ನದಷ್ಟೇ ಅವಶ್ಯಕವೆಂಬರ್ಥದಲ್ಲಿ ಬರೆದನೆಂದು ಭಾಷಾಂತರಗಳಲ್ಲಿ ಓದುತ್ತೇವೆ. 'ಗುಲ್' ಶಬ್ದಕ್ಕೆ ಗುಲಾಬಿಯೆಂಬಂತೆಯೇ ಸಾಮಾನ್ಯವಾಗಿ ಹೂವೆಂಬ ಅರ್ಥವೂ ಇರುವುದರಿಂದ, ಹಂಪೆಯ ಬೀದಿಯಲ್ಲಿ ಮಾರುತ್ತಿದ್ದವೆಲ್ಲವೂ ಗುಲಾಬಿಯೇ ಎಂದು ನಾನು ಒಪ್ಪಲಾರೆನು. ಮಲ್ಲಿಗೆ ಸಂಪಿಗೆಗಳೂ ಅದರಲ್ಲಿ ಸೇರಿರಬಹುದು.

ಸಂಸ್ಕೃತ ನಿಘಂಟುಗಳಲ್ಲಿಯೂ ಇದೇ ಗೊಂದಲವಿದೆ. ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ಶತಪತ್ರೀ, ತರುಣೀ, ಕರ್ಣಿಕಾ, ಚಾರುಕೇಶರಾ ಎಂಬ ಪರ್ಯಾಯಗಳು ಗುಲಾಬಿಗೆ ಸಲ್ಲುವುವೆಂದು ವೈದ್ಯರು ಹೇಳುವರು. 'ಕುಬ್ಜಕ'ವು ಹಿಮಾಲಯದ ಬಿಳಿಯ ಕಾಡುಗುಲಾಬಿಯೆಂದು ಹಲವರ ಮತ. ಉತ್ತರದಲ್ಲಿ 'ಸೇವತೀ' ಎಂದರೆ ಗುಲಾಬಿಯ ಒಂದು ಭೇದ. ನಮ್ಮಲ್ಲಿ ಸೇವಂತಿಗೆಯೆಂದರೆ ಮುಳ್ಳಿಲ್ಲದ ಬೇರೊಂದು ಹೂವು. ಹೀಗಿರುವಾಗ ಕೋಶವನ್ನು ಮುಚ್ಚಿಟ್ಟು ಗಿಡವನ್ನೇ ಕೇಳುವುದು ಲೇಸು.

ಗಿಡದ ಲಕ್ಷಣಗಳು ಹೀಗಿವೆ. ಹೂವು ತಿಳಿಗೆಂಪು, ಎಸಳು ದಟ್ಟ, ಸುವಾಸನೆ ಬಲು ತೀಕ್ಷ್ಣ. ವರ್ಷದಲ್ಲಿ ಒಂದೇ ಋತುವಿನಲ್ಲಲ್ಲದೆ ಹಲವು ಸಲ ಅರಳುತ್ತದೆ. ಒಂದೊಂದು ತೊಟ್ಟಿನಲ್ಲಿ ಐದು ಅಥವಾ ಏಳು ಕಿರುಎಲೆಗಳು. ಮುಳ್ಳುಗಳು ಬಾಗಿದುವು, ಒಂದೇ ಅಳತೆಯವಲ್ಲ. ಮೊಗ್ಗನ್ನು ಹೊದ್ದಿರುವ ಐದು ಹಸಿರು ಪತ್ರಗಳನ್ನು ನಾನು ವಿಶೇಷವಾಗಿ ಪರೀಕ್ಷಿಸಿದೆನು. ಎರಡಕ್ಕೆ ಎರಡು ಅಂಚಿನಲ್ಲಿಯೂ ಸಣ್ಣ ಗರಿಗಳು. ಎರಡಕ್ಕೆ ಯಾವ ಅಂಚಿನಲ್ಲಿಯೂ ಇಲ್ಲ. ಒಂದಕ್ಕೆ ಒಂದೇ ಅಂಚಿನಲ್ಲಿ. ಐವರು ಸೋದರರಲ್ಲಿ ಇಬ್ಬರಿಗೆ ಗಡ್ಡ, ಇಬ್ಬರಿಗಿಲ್ಲ, ಒಬ್ಬನಿಗೆ ಅರ್ಧ ಗಡ್ಡವೆಂದು ಯೂರೋಪಿನಲ್ಲಿ ಇದರ ಮೇಲೆ ಒಂದು ಹಳೆಯ ಪ್ರಹೇಳಿಕೆಯೇ ಇದೆ.

ಇದು ಚೀನದ ಗುಲಾಬಿಯಾಗಿರಬಹುದೆ? ಅದು ವರ್ಷವಿಡೀ ಅರಳುವುದು ದಿಟ. 2018ರಲ್ಲಿ ವಿಜ್ಞಾನಿಗಳು ಪೂರ್ಣವಾಗಿ ಓದಿದ ಗುಲಾಬಿಯ ಆನುವಂಶಿಕ ಲಿಪಿಯು ಆ ವಂಶದ್ದೇ. ಆದರೆ ಅದರ ಎಲೆ ನುಣುಪು, ಮುಳ್ಳು ವಿರಳ, ಮೊಗ್ಗಿನ ಪತ್ರಗಳ ಅಂಚು ಬಹುಮಟ್ಟಿಗೆ ನೇರ, ಪರಿಮಳವೂ ಇಷ್ಟಿಲ್ಲ. ಹಾಗಾದರೆ ಅತ್ತರಿಗೆ ಪ್ರಸಿದ್ಧವಾದ ದಮಸ್ಕದ ಗುಲಾಬಿಯೆ? ಗಂಧವೂ ಮುಳ್ಳೂ ಗರಿಯ ಪತ್ರಗಳೂ ಅದಕ್ಕೆ ಹೊಂದುವುವು. ಆದರೆ ಅದು ಸಾಮಾನ್ಯವಾಗಿ ವಸಂತದಲ್ಲಿ ಒಮ್ಮೆ ಅರಳಿ ಸುಮ್ಮನಾಗುವುದು, ಶರತ್ತಿನಲ್ಲಿ ಮತ್ತೊಮ್ಮೆ ಅರಳುವ ಒಂದು ಭೇದವುಂಟು. ಹೀಗೆ ಮೇಲಿಂದ ಮೇಲೆ ಅರಳುವುದು ಅದರ ಸ್ವಭಾವವಲ್ಲ. ಕಸಿಗಿಡದಲ್ಲಿ ಮೇಲಿನ ಜಾತಿ ಸತ್ತು ಬೇರಿನ ಜಾತಿ ಬದುಕುವುದುಂಟೆಂಬ ಶಂಕೆಯಿಂದ ಬುಡದ ಮಣ್ಣನ್ನು ಬಿಡಿಸಿ ನೋಡಿದೆನು. ಕಸಿಯ ಗಂಟಿಲ್ಲ, ಕಾಂಡಗಳೆಲ್ಲ ಸ್ವಂತ ಬೇರಿನಿಂದಲೇ ಎದ್ದಿವೆ. ಬೇರುಸಸ್ಯವಾಗಿ ಬಳಸುವ ಗೊಂಚಲುಗುಲಾಬಿಗೆ ಎಲೆತೊಟ್ಟಿನ ಬುಡದಲ್ಲಿ ಝಾಲರಿಯಂಥ ಅಂಚಿರುತ್ತದೆ, ಇದಕ್ಕಿಲ್ಲ.

ಚೀನದ ಗುಣವೂ ದಮಸ್ಕದ ಗುಣವೂ ಒಂದೇ ಗಿಡದಲ್ಲಿ ಕೂಡಿರುವುದರಿಂದ ಇದು ಅವೆರಡರ ಸಂಕರವಾದ ಬೂರ್ಬೋನ್ ಗುಲಾಬಿ, ಎಂದರೆ ನಮ್ಮ ತೋಟಗಾರರು 'ಎಡ್ವರ್ಡ್ ಗುಲಾಬಿ' ಎನ್ನುವ ಜಾತಿಯೆಂದು ನಿರ್ಣಯಿಸಬೇಕಾಗಿದೆ. ಈ ಎಡ್ವರ್ಡನು ಇಂಗ್ಲೆಂಡಿನ ದೊರೆಯೆಂದು ಭಾವಿಸುವವರುಂಟು, ಅದು ಸರಿಯಲ್ಲ. ಆ ದೊರೆ ಪಟ್ಟಕ್ಕೆ ಬಂದುದು 1901ರಲ್ಲಿ. ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪದಲ್ಲಿ, ಈಗಿನ ರೆಯೂನಿಯನ್ನಿನಲ್ಲಿ, ಜನರು ಈ ಎರಡು ಜಾತಿಗಳನ್ನೂ ಬೇಲಿಗೆ ನೆಡುತ್ತಿದ್ದರು. ಬೇಲಿಯಲ್ಲಿ ತಾನಾಗಿ ಹುಟ್ಟಿದ ಸಂಕರವನ್ನು ಅಲ್ಲಿಯವರು 'ರೋಸ್ ಎದುವಾರ್' ಎನ್ನುತ್ತಿದ್ದರು. ಬ್ರೆಯೋನ್ ಎಂಬ ಸಸ್ಯಶಾಸ್ತ್ರಜ್ಞರು ಅದನ್ನು 1817ರಲ್ಲಿ ಗಮನಿಸಿದರು; ಬೀಜಗಳು ಫ್ರಾನ್ಸಿಗೆ ಹೋಗಿ ಅಲ್ಲಿಂದ ಇದರ ಕೀರ್ತಿ ಹರಡಿತು. ಫ್ರೆಂಚರ ಎದುವಾರನೇ ನಮ್ಮ ಬಾಯಲ್ಲಿ ಎಡ್ವರ್ಡನಾದನು.

ಟಿಪ್ಪುವು ಮಡಿದುದು 1799ರಲ್ಲಿ. ಈ ಜಾತಿಯು ಲೋಕಕ್ಕೆ ಪರಿಚಯವಾದುದು ಅವನ ಮರಣದ ಹದಿನೆಂಟು ವರ್ಷಗಳ ಮೇಲೆ. ಆದುದರಿಂದ ಐತಿಹ್ಯದ ಮೊದಲರ್ಧ ನಿಲ್ಲುವುದಿಲ್ಲ. ಲಾಲ್‌ಬಾಗಿನಿಂದ ಬಂದಿತೆಂಬ ಉತ್ತರಾರ್ಧವನ್ನು ನಾನು ಬಿಡಲು ಸಿದ್ಧನಲ್ಲ. ಆ ತೋಟವು 1819ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದೊಡನೆ ಸಂಬಂಧವನ್ನು ಪಡೆಯಿತು. 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. ವಿದೇಶದ ಸಸಿಗಳು ಅಲ್ಲಿ ಬೆಳೆದು ಊರೂರಿಗೆ ಹರಡಿದುವು. ತುಮಕೂರಿನ ರೈಲುಮಾರ್ಗವು 1884ರಲ್ಲಿಯೂ ಹೆಸರಘಟ್ಟದ ಜಲಾಶಯದ ಕೆಲಸವು 1894ರಲ್ಲಿಯೂ ಮುಗಿದ ಮೇಲೆ ಈ ದಿಕ್ಕಿಗೆ ನಗರದ ಸಂಚಾರ ಹೆಚ್ಚಿತು. ಮೂರು ತಲೆಗಳ ಲೆಕ್ಕವೂ ಸುಮಾರಾಗಿ ಇದರ ಈಚೆಗೇ ಬರುತ್ತದೆ. ಲಾಲ್‌ಬಾಗೆಂದೊಡನೆ ಸುಲ್ತಾನನನ್ನು ನೆನೆಯುವ ರೂಢಿಯಿಂದ ಆತನ ಹೆಸರು ಗಿಡಕ್ಕೆ ಅಂಟಿಕೊಂಡಿತೆಂದು ನನಗೆ ತೋರುತ್ತದೆ.

ಯಜಮಾನರಿಗೆ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ತಿಳಿಸಿದೆನು. ಅವರಿಗೆ ಬೇಸರವಾದುದು ಮುಖದಲ್ಲಿಯೇ ಕಂಡಿತು. ಅವರ ತಾಯಿಯವರು ಮಾತ್ರ "ಸುಲ್ತಾನನದಲ್ಲದಿದ್ದರೆ ನಮ್ಮತ್ತೆಯದಾಯಿತಲ್ಲ" ಎಂದು, ಕತ್ತರಿಯನ್ನು ತಂದುಕೊಟ್ಟರು. ಪೆನ್ಸಿಲಿನಷ್ಟು ದಪ್ಪದ ಕಡ್ಡಿಗಳನ್ನು ಗಂಟಿನ ಕೆಳಗೆ ಓರೆಯಾಗಿ ಕತ್ತರಿಸಿ, ಮರಳು ಬೆರೆತ ಮಣ್ಣಿನಲ್ಲಿ ಆಷಾಢದ ಜಡಿಮಳೆಯಲ್ಲಿ ನೆಟ್ಟೆವು. ಹನ್ನೆರಡರಲ್ಲಿ ಏಳು ಚಿಗುರಿವೆ. ಪರಿಷತ್ತಿನ ಸದಸ್ಯರಲ್ಲಿ ಯಾರ ಹಿತ್ತಲಿನಲ್ಲಾದರೂ ಇಂಥ ಹಳೆಯ ಪನ್ನೀರು ಗುಲಾಬಿಯಿದ್ದರೆ, ಹೂ ಬಿಡುವ ತಿಂಗಳುಗಳನ್ನೂ ಮೊಗ್ಗಿನ ಐದು ಪತ್ರಗಳ ಲಕ್ಷಣವನ್ನೂ ಬರೆದು ಕಳುಹಿಸಬೇಕೆಂದು ಪ್ರಾರ್ಥಿಸುತ್ತೇನೆ.