600 ಓಮ್‌ಗಳ ಹಿಂದಿನ ಕಥೆ



ಕೆಲವು ತಿಂಗಳುಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿ ಮಾಡಿದನು. ಮೂವತ್ತು ವರ್ಷಗಳ ಕೆಳಗೆ ಹತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿರುತ್ತಿದ್ದ ಹುಡುಗ. ಈಗ ಸಂಸಾರಸ್ಥನು. ರಾತ್ರಿ ಮನೆಮಂದಿಯೆಲ್ಲ ಮಲಗಿದ ಮೇಲೆ ವೀಣೆಯ ಧ್ವನಿಮುದ್ರಿಕೆಗಳನ್ನು ಕೇಳುವುದು ಅವನ ಹವ್ಯಾಸ. ಅದಕ್ಕೆಂದೇ ಜರ್ಮನಿಯ ಬೇಯರ್‌ಡೈನಾಮಿಕ್ ಸಂಸ್ಥೆಯ ಡಿಟಿ 880 ಎಂಬ ಹೆಡ್‌ಫೋನನ್ನು ಪರಿಚಿತರೊಬ್ಬರಿಂದ ಕೊಂಡಿದ್ದನು. ಫೋನಿಗೆ ಸಿಕ್ಕಿಸಿ ನೋಡಿದರೆ ವೀಣೆಯು ಪಕ್ಕದ ಬೀದಿಯಲ್ಲಿ ನುಡಿಯುತ್ತಿರುವಂತೆ ಕೇಳಿಸಿತಂತೆ. ಅಂಗಡಿಯವರನ್ನು ವಿಚಾರಿಸಿದಾಗ, ಹೆಡ್‌ಫೋನಿನ ಮೂರು ಪಟ್ಟು ಬೆಲೆಯ ಆಂಪ್ಲಿಫೈಯರ್ ಒಂದನ್ನು ತೋರಿಸಿ, ಇದನ್ನು ಕೊಳ್ಳದಿದ್ದರೆ ಆ ಹೆಡ್‌ಫೋನನ್ನು ಮಾರಿಬಿಡುವುದೇ ಲೇಸು ಎಂದರಂತೆ.

"ಸರ್, ಇದರ ಮೇಲೆ 600 ಓಮ್ ಎಂದು ಬರೆದಿದೆ. ಇದು ನೀವು ಪಾಠ ಮಾಡಿದ ಓಮೇ ಅಲ್ಲವೇ?" ಎಂದು ಕೇಳಿದನು. ಹೌದೆಂದೆ. "ಅಂದು ಇದರಿಂದ ಉಪಯೋಗವೇನು ಎಂದು ಕೇಳಿದ್ದೆ. ಪರೀಕ್ಷೆಗೆ ಬರುತ್ತದೆ, ಬರೆದುಕೋ ಎಂದಿದ್ದಿರಿ" ಎಂದು ನಕ್ಕನು. ನನಗೆ ನಗು ಬರಲಿಲ್ಲ. ಪಾಠ ಮುಗಿಸುವ ಅವಸರದಲ್ಲಿ ಅಂತಹ ಉತ್ತರಗಳನ್ನು ನಾನು ಎಷ್ಟು ಮಕ್ಕಳಿಗೆ ಕೊಟ್ಟಿದ್ದೇನೋ! ಈ ಲೇಖನವು ತಡವಾಗಿಯಾದರೂ ಆ ಪ್ರಶ್ನೆಗೆ ಉತ್ತರ.

ಮೊದಲಿಗೆ ಆ ಹೆಸರಿನ ವಿಚಾರ. ಜಾರ್ಜ್ ಸೈಮನ್ ಓಮ್ ನಮ್ಮಂತೆಯೇ ಶಾಲಾಮಾಸ್ತರರು. ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ 1789ರಲ್ಲಿ ಬೀಗ ತಯಾರಿಸುವವರೊಬ್ಬರ ಮಗನಾಗಿ ಹುಟ್ಟಿದವರು. 1817ರಿಂದ ಕೊಲೋನ್ ನಗರದ ಶಾಲೆಯಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಬೋಧಿಸುತ್ತ, ಅಲ್ಲಿನ ಪ್ರಯೋಗಶಾಲೆಯಲ್ಲಿ ತಂತಿಗಳ ಮೇಲೆ ಪ್ರಯೋಗ ನಡೆಸಿ, 1827ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ವಿಭವಾಂತರ ಹೆಚ್ಚಿದಂತೆ ವಿದ್ಯುತ್ ಪ್ರವಾಹ ಹೆಚ್ಚುತ್ತದೆ, ರೋಧ ಹೆಚ್ಚಿದಂತೆ ಪ್ರವಾಹ ತಗ್ಗುತ್ತದೆ ಎಂಬುದೇ ಅದರ ಸಾರ. ಸ್ವದೇಶದ ಪಂಡಿತರು ಅದನ್ನು ಆದರಿಸಲಿಲ್ಲ. ಮನನೊಂದು ಓಮ್ ಅವರು ಕೊಲೋನಿನ ಕೆಲಸವನ್ನೇ ಬಿಟ್ಟರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಅವರು ತೀರಿಕೊಂಡ 27 ವರ್ಷಗಳ ಬಳಿಕ, 1881ರಲ್ಲಿ, ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ರೋಧದ ಮಾನಕ್ಕೆ ಅವರ ಹೆಸರನ್ನು ಅಂಗೀಕರಿಸಿತು.

ಸಂಗೀತದ ವಿದ್ಯುತ್ ಸಂಕೇತವಾದರೋ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವಂಥದು. ಅಂತಹ ವಿದ್ಯುತ್ತಿಗೆ ತಂತಿಯ ಸುರುಳಿಯೊಂದು ಒಡ್ಡುವ ಒಟ್ಟು ತಡೆಗೆ ಇಂಪೀಡೆನ್ಸ್ ಎಂಬ ಹೆಸರನ್ನು 1886ರಲ್ಲಿ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಅವರು ಕೊಟ್ಟರು. ಅದರ ಅಳತೆಯೂ ಓಮ್‌ಗಳಲ್ಲಿಯೇ. ಹೆಡ್‌ಫೋನಿನ ಮೇಲೆ ಬರೆದಿರುವುದು ಈ ಸಂಖ್ಯೆಯನ್ನು.

ಈಗ ಇತಿಹಾಸಕ್ಕೆ ಬರೋಣ. 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯೆಲ್ ಬಾಲ್ಡ್‌ವಿನ್ ಎಂಬವರು ತಾವು ತಯಾರಿಸಿದ, ಎರಡು ಕಿವಿಗೂ ಇಟ್ಟುಕೊಳ್ಳುವ ಶ್ರವಣಯಂತ್ರವನ್ನು ಅಲ್ಲಿನ ನೌಕಾಪಡೆಗೆ ಕಳುಹಿಸಿದರು. ಪರೀಕ್ಷಿಸಿ ಮೆಚ್ಚಿದ ನೌಕಾಪಡೆ ಇನ್ನಷ್ಟು ಬೇಕೆಂದಾಗ, ಒಂದು ಸಲಕ್ಕೆ ಕೆಲವನ್ನಷ್ಟೇ ಕೊಡಬಲ್ಲೆನೆಂದು ಅವರು ತಿಳಿಸಬೇಕಾಯಿತು. ಏಕೆಂದರೆ ಅವರ ಕಾರ್ಖಾನೆಯು ಮನೆಯ ಅಡುಗೆಕೋಣೆಯೇ ಆಗಿತ್ತು!

ಅಂದಿನ ಯಂತ್ರಗಳ ಇಂಪೀಡೆನ್ಸ್ ಸಾವಿರಾರು ಓಮ್‌ಗಳಷ್ಟಿತ್ತು. ಇದರ ಕಾರಣ ಸ್ವಾರಸ್ಯಕರವಾದುದು. 1920ರ ದಶಕದಲ್ಲಿ ಮನೆಮನೆಗಳಲ್ಲಿದ್ದ ಸ್ಫಟಿಕ ರೇಡಿಯೋಗಳಿಗೆ ಬ್ಯಾಟರಿಯೇ ಇರಲಿಲ್ಲ. ಆಂಟೆನಾ ತಂತಿಗೆ ಸಿಕ್ಕಿದ ರೇಡಿಯೋ ಅಲೆಯ ಅಲ್ಪಶಕ್ತಿಯೇ ಕಿವಿಯವರೆಗೂ ಹೋಗಿ ಧ್ವನಿಯಾಗಬೇಕಿತ್ತು. ವಿದ್ಯುತ್ಕಾಂತದ ಬಲವು ಪ್ರವಾಹ ಮತ್ತು ಸುರುಳಿಯ ಸುತ್ತುಗಳ ಗುಣಲಬ್ಧವನ್ನು ಅವಲಂಬಿಸುತ್ತದೆಂದು ನೀವು ಓದಿದ್ದೀರಿ. ಪ್ರವಾಹವು ತೀರ ಕಡಿಮೆಯಿರುವಾಗ ಸುತ್ತುಗಳನ್ನು ಹೆಚ್ಚಿಸುವುದೊಂದೇ ಉಪಾಯ. ಆದುದರಿಂದ ಕೂದಲಿನಂತಹ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರು. 2000 ಓಮ್, 4000 ಓಮ್ ಎಂಬ ಸಂಖ್ಯೆಗಳು ಹೀಗೆ ಬಂದವು. ಬಡ ರೇಡಿಯೋ ಕೊಡಬಲ್ಲಷ್ಟನ್ನೇ ಬಳಸಿಕೊಂಡು ನುಡಿಯಲೆಂದು ಮಾಡಿಕೊಂಡ ಹೊಂದಾಣಿಕೆಯದು. ಹೆಡ್‌ಫೋನಿನ ಮೇಲಿನ ಸಂಖ್ಯೆಯು ಅದರ ಗುಣಕ್ಕೆ ಕೊಟ್ಟ ಅಂಕವಲ್ಲ, ಅದು ಯಾವ ಯಂತ್ರದ ಜೊತೆಗೆ ಬಾಳಲೆಂದು ಹುಟ್ಟಿತೆಂಬುದರ ಗುರುತು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

ಎರಡನೆಯ ಹೊಂದಾಣಿಕೆಯು ದೂರವಾಣಿಯದು. ದೂರವಾಣಿ ತಂತ್ರಜ್ಞರ ಲೆಕ್ಕಗಳಲ್ಲಿ 600 ಓಮ್ ಎಂಬುದು ರೂಢಿಯಾಗಿ ಬೇರೂರಿತ್ತು. ಆಕಾಶವಾಣಿ ಕೇಂದ್ರಗಳು ಕಾರ್ಯಕ್ರಮಗಳನ್ನು ಸಾಗಿಸುತ್ತಿದ್ದುದೂ ದೂರವಾಣಿ ತಂತಿಗಳ ಮೂಲಕವೇ. 1939ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯ, ಎನ್‌ಬಿಸಿ ಮತ್ತು ಸಿಬಿಎಸ್ ಒಟ್ಟುಗೂಡಿ, 600 ಓಮ್‌ಗಳಲ್ಲಿ 1 ಮಿಲಿವಾಟ್ ಎಂಬುದನ್ನು ಧ್ವನಿಮಟ್ಟದ ಆಧಾರವೆಂದು ಇಟ್ಟುಕೊಂಡವು. ಅದನ್ನು ವೋಲ್ಟ್‌ಗೆ ತಿರುಗಿಸಿದರೆ 0.775 ಬರುತ್ತದೆ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಸ್ಟುಡಿಯೋಗಳಲ್ಲಿ ಒಂದೇ ಆಂಪ್ಲಿಫೈಯರಿಗೆ ಹಲವು ಹೆಡ್‌ಫೋನುಗಳನ್ನು ಸಮಾಂತರವಾಗಿ ಜೋಡಿಸುವುದುಂಟು. ಒಂದೊಂದರ ಇಂಪೀಡೆನ್ಸ್ ಹೆಚ್ಚಿದ್ದರೆ ಮೂಲಕ್ಕೆ ಭಾರವಾಗದು. ವಿಯೆನ್ನಾದಲ್ಲಿ 1947ರಲ್ಲಿ ಸ್ಥಾಪಿತವಾದ ಎಕೆಜಿ ಸಂಸ್ಥೆಯ ಕೆ 240 ಎಂಬ ಪ್ರಸಿದ್ಧ ಸ್ಟುಡಿಯೋ ಹೆಡ್‌ಫೋನ್ 600 ಓಮ್‌ಗಳದಾಗಿ ಬಂದುದು ಇಂತಹ ವಾತಾವರಣಕ್ಕೆ.

ಈ ನಡುವೆ ಹೆಡ್‌ಫೋನಿನ ಒಳರಚನೆಯೂ ಬದಲಾಗಿತ್ತು. ಬರ್ಲಿನ್ನಿನ ಯೂಜೆನ್ ಬೇಯರ್ ಅವರ ಸಂಸ್ಥೆಯು 1937ರಲ್ಲಿ ಡಿಟಿ 48 ಎಂಬುದನ್ನು ಹೊರತಂದಿತು. ಅದರಲ್ಲಿ ಕಬ್ಬಿಣದ ತಗಡಿಗೆ ಬದಲಾಗಿ, ಧ್ವನಿವರ್ಧಕದಲ್ಲಿರುವಂತೆ, ಕಾಂತಕ್ಷೇತ್ರದೊಳಗೆ ಚಲಿಸುವ ಸುರುಳಿಯೇ ಪೊರೆಯನ್ನು ಕಂಪಿಸುವಂತೆ ಮಾಡುತ್ತಿತ್ತು. 1958ರಲ್ಲಿ ಅಮೆರಿಕದ ಮಿಲ್ವಾಕೀ ನಗರದ ಜಾನ್ ಕಾಸ್ ಅವರು ಗ್ರಾಮಫೋನಿನ ಜೊತೆಗೆ ಒಂದು ಸ್ಟೀರಿಯೋ ಹೆಡ್‌ಫೋನನ್ನು ಪ್ರದರ್ಶಿಸಿದರು. ಜನರು ಗ್ರಾಮಫೋನನ್ನು ಬಿಟ್ಟು ಹೆಡ್‌ಫೋನಿಗೆ ಮುಗಿಬಿದ್ದರು. ನೌಕಾಪಡೆಯ ಸಾಧನವು ಸಂಗೀತಪ್ರಿಯರ ಮನೆಯನ್ನು ಹೊಕ್ಕಿದ್ದು ಹೀಗೆ.

ಆ ಮನೆಗಳ ಆಂಪ್ಲಿಫೈಯರುಗಳು 8 ಓಮ್‌ನ ಸ್ಪೀಕರುಗಳಿಗಾಗಿ ರಚಿತವಾದವು. ಹೆಡ್‌ಫೋನಿಗೆಂದು ಪ್ರತ್ಯೇಕ ಸರ್ಕ್ಯೂಟ್ ಹಾಕುವುದು ಖರ್ಚಿನ ಬಾಬತ್ತು. ಆದುದರಿಂದ ಅನೇಕ ತಯಾರಕರು ಸ್ಪೀಕರಿಗೆ ಹೋಗುವ ವಿದ್ಯುತ್ತನ್ನೇ ಕೆಲವು ನೂರು ಓಮ್‌ಗಳ ರೆಸಿಸ್ಟರ್ ಒಂದರ ಮೂಲಕ ಹಾಯಿಸಿ ಹೆಡ್‌ಫೋನಿನ ರಂಧ್ರಕ್ಕೆ ಕೊಟ್ಟರು. ವೋಲ್ಟೇಜಿಗೆ ಅಲ್ಲಿ ಬರವಿರಲಿಲ್ಲ. 1968ರಲ್ಲಿ ಹ್ಯಾನೋವರ್ ಬಳಿಯ ಸೆನ್‌ಹೈಸರ್ ಸಂಸ್ಥೆ ಹೊರತಂದ, ಹಳದಿ ಸ್ಪಂಜಿನ ಎಚ್‌ಡಿ 414 ಹೆಡ್‌ಫೋನ್ 2000 ಓಮ್‌ಗಳದಾಗಿದ್ದರೂ ಯಾರಿಗೂ ಅಡಚಣೆಯಾಗದಿರಲು ಇದೇ ಕಾರಣ.

ಈ ಸುಖಸಂಸಾರಕ್ಕೆ ಭಂಗ ತಂದುದು ಜಪಾನಿನ ಒಂದು ಪುಟ್ಟ ಪೆಟ್ಟಿಗೆ. 1979ರ ಜುಲೈ 1ರಂದು ಸೋನಿ ಸಂಸ್ಥೆಯ ವಾಕ್‌ಮನ್ ಮಾರುಕಟ್ಟೆಗೆ ಬಂದಿತು. ಅದರೊಳಗಿದ್ದುದು ಎರಡು ಪೆನ್ಸಿಲ್ ಸೆಲ್, ಅಂದರೆ 3 ವೋಲ್ಟ್. ಅಷ್ಟು ವೋಲ್ಟೇಜಿನಲ್ಲಿ 600 ಓಮ್‌ನ ಹೆಡ್‌ಫೋನನ್ನು ಜೋರಾಗಿ ನುಡಿಸಲಾಗದು. ಆದುದರಿಂದ ಕೆಲವೇ ಹತ್ತು ಓಮ್‌ಗಳ ಹಗುರವಾದ ಹೆಡ್‌ಫೋನುಗಳು ಹುಟ್ಟಿಕೊಂಡವು. ಮೊಬೈಲ್ ಫೋನು ಈ ವಾಕ್‌ಮನ್ನಿನ ವಂಶಕ್ಕೆ ಸೇರಿದ್ದು. ನನ್ನ ವಿದ್ಯಾರ್ಥಿಯು ಮಾಡಿದ್ದೇನೆಂದರೆ, ಸ್ಟುಡಿಯೋ ವಂಶದ ಹೆಡ್‌ಫೋನನ್ನು ವಾಕ್‌ಮನ್ ವಂಶದ ಯಂತ್ರಕ್ಕೆ ಕೊಟ್ಟು ಮದುವೆ ಮಾಡಿದ್ದು. ಗಂಡಿನ ತಪ್ಪೂ ಇಲ್ಲ, ಹೆಣ್ಣಿನ ತಪ್ಪೂ ಇಲ್ಲ. ಜಾತಕ ಕೂಡಿಬರಲಿಲ್ಲ, ಅಷ್ಟೇ.

ಇನ್ನು ಸ್ವಲ್ಪ ಲೆಕ್ಕ. ಗಣಿತಕ್ಕೆ ಹೆದರುವವರು ಒಂದು ಲೋಟ ನೀರು ಕುಡಿದು ಮುಂದುವರಿಯಿರಿ. ಡಿಟಿ 880 ಎಂಬ ಒಂದೇ ಹೆಡ್‌ಫೋನ್ 32, 250 ಮತ್ತು 600 ಓಮ್ ಎಂಬ ಮೂರು ರೂಪಗಳಲ್ಲಿ ಬಂದಿದೆ. 1 ಮಿಲಿವಾಟ್ ಶಕ್ತಿ ಕೊಟ್ಟರೆ 96 ಡೆಸಿಬೆಲ್ ಧ್ವನಿ ಬರುತ್ತದೆಂದು ತಯಾರಕರ ಹೇಳಿಕೆ. ಆ 1 ಮಿಲಿವಾಟನ್ನು ಕೊಡಲು 32 ಓಮ್‌ನದಕ್ಕೆ 0.18 ವೋಲ್ಟ್ ಸಾಕು. 600 ಓಮ್‌ನದಕ್ಕೆ 0.775 ವೋಲ್ಟ್ ಬೇಕು. ದೂರವಾಣಿಯವರ ಹಳೆಯ ಸಂಖ್ಯೆ ಇಲ್ಲಿ ಮತ್ತೆ ಬಂದಿತು, ನೋಡಿದಿರಾ? ಪ್ರವಾಹದ ಲೆಕ್ಕವು ಇದಕ್ಕೆ ವಿರುದ್ಧ: ಮೊದಲನೆಯದಕ್ಕೆ 5.6 ಮಿಲಿಆಂಪಿಯರ್, ಎರಡನೆಯದಕ್ಕೆ ಕೇವಲ 1.3. ಹೆಚ್ಚು ಓಮ್‌ನ ಹೆಡ್‌ಫೋನ್ ಹೆಚ್ಚು ಶಕ್ತಿಯನ್ನು ಬೇಡುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ಅದು ಬೇಡುವುದು ಹೆಚ್ಚು ವೋಲ್ಟನ್ನು.

ಸಂಗೀತದಲ್ಲಿ ಕ್ಷಣಮಾತ್ರ ಏಳುವ ಶಿಖರಗಳಿಗೆ 110 ಡೆಸಿಬೆಲ್‌ವರೆಗೆ ಅವಕಾಶವಿದ್ದರೆ ಧಾರಾಳವಾಯಿತು. ಅದಕ್ಕೆ 600 ಓಮ್‌ನ ಡಿಟಿ 880ಗೆ ಬೇಕಾದುದು 25 ಮಿಲಿವಾಟ್, ಅಂದರೆ ಸುಮಾರು 3.9 ವೋಲ್ಟ್. ನನ್ನ ವಿದ್ಯಾರ್ಥಿಯ ಫೋನಿನ ಕಿರು ಅಡಾಪ್ಟರ್ ಕೊಡುತ್ತಿದ್ದುದು ಹೆಚ್ಚೆಂದರೆ ಅರ್ಧ ವೋಲ್ಟ್. ವೀಣೆಯಂತಹ ಮೃದುವಾದ್ಯದ ಮುದ್ರಿಕೆ ಮೆಲ್ಲಗೆ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆಂಪ್ಲಿಫೈಯರ್ ಆರಿಸುವಾಗ ಮೋಸಹೋಗುವುದು ಇಲ್ಲಿಯೇ. ಪೆಟ್ಟಿಗೆಯ ಮೇಲೆ 250 ಮಿಲಿವಾಟ್ ಎಂದಿರುತ್ತದೆ. 25 ಸಾಕಾಗಿರುವಾಗ ಇದು ಹತ್ತು ಪಟ್ಟಾಯಿತಲ್ಲ ಎಂದು ಕೊಂಡುಬಿಡುತ್ತಾರೆ. ಆದರೆ ಆ ಸಂಖ್ಯೆ 32 ಓಮ್‌ಗೆ ಹೇಳಿದ್ದಾದರೆ, ಅಲ್ಲಿರುವುದು 2.8 ವೋಲ್ಟ್ ಮಾತ್ರ. ಅದೇ ವೋಲ್ಟೇಜು 600 ಓಮ್‌ಗೆ ಕೊಡುವುದು 13 ಮಿಲಿವಾಟ್! ಆದುದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, "ಎಷ್ಟು ವಾಟ್?" ಎಂದಲ್ಲ, "600 ಓಮ್‌ಗೆ ಎಷ್ಟು ವೋಲ್ಟ್?" ಎಂದು.

ಎರಡನೆಯ ಪ್ರಶ್ನೆಯು ಆಂಪ್ಲಿಫೈಯರಿನ ಸ್ವಂತ ಇಂಪೀಡೆನ್ಸ್ ಕುರಿತದ್ದು. ಅದು ಹೆಡ್‌ಫೋನಿನೊಂದಿಗೆ ವೋಲ್ಟೇಜನ್ನು ಹಂಚಿಕೊಳ್ಳುತ್ತದೆ. 1996ರ ಐಇಸಿ 61938 ಎಂಬ ಅಂತರರಾಷ್ಟ್ರೀಯ ಮಾನಕವು 120 ಓಮ್‌ನ್ನು ಸೂಚಿಸಿತ್ತು. ಅಂತಹ ಮೂಲಕ್ಕೆ 32 ಓಮ್‌ನ ಹೆಡ್‌ಫೋನ್ ಜೋಡಿಸಿದರೆ ಐದರಲ್ಲೊಂದು ಪಾಲು ಮಾತ್ರ ಅದಕ್ಕೆ ದಕ್ಕುತ್ತದೆ. 600 ಓಮ್‌ನದಕ್ಕೆ ಆರರಲ್ಲಿ ಐದು ಪಾಲು. ಹಂಚಿಕೆಯಿಂದ ಸ್ವರದ ಬಣ್ಣವೂ ಬದಲಾಗಬಹುದು. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600 ಮತ್ತು 2003ರ ಎಚ್‌ಡಿ 650 ಹೆಸರಿಗೆ 300 ಓಮ್‌ನವು. ಆದರೆ ಮಂದ್ರದ ಒಂದು ಭಾಗದಲ್ಲಿ ಅವುಗಳ ಇಂಪೀಡೆನ್ಸ್ 500ರ ಆಸುಪಾಸಿಗೆ ಏರುತ್ತದೆ. 120 ಓಮ್‌ನ ಮೂಲದಿಂದ ಕೇಳಿದರೆ ಆ ಭಾಗವು ಸುಮಾರು 1 ಡೆಸಿಬೆಲ್ ಉಬ್ಬುತ್ತದೆ. ಕೆಲವರಿಗೆ ಅದು ಇಷ್ಟವೂ ಆದೀತು. ಇದ್ದುದನ್ನು ಇದ್ದಂತೆ ಕೇಳಬಯಸುವವರು, ಮೂಲದ ಇಂಪೀಡೆನ್ಸ್ ಹೆಡ್‌ಫೋನಿನದರ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆಯಿರಲಿ ಎಂಬ ರೂಢಿಯ ಲೆಕ್ಕವನ್ನು ಪಾಲಿಸಬಹುದು.

ನಿರ್ವಾತ ಕೊಳವೆಗಳ, ಅಂದರೆ ವಾಲ್ವುಗಳ ಆಂಪ್ಲಿಫೈಯರುಗಳಿಗೂ ಹೆಚ್ಚು ಓಮ್‌ನ ಹೆಡ್‌ಫೋನುಗಳಿಗೂ ಇರುವ ಸ್ನೇಹದ ಗುಟ್ಟೂ ಇಷ್ಟೇ. ನ್ಯೂಯಾರ್ಕಿನ ಜೂಲಿಯಸ್ ಫಟರ್‌ಮನ್ ಅವರು 1950ರ ದಶಕದಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪ್ಲಿಫೈಯರನ್ನು ರೂಪಿಸಿದರು. ವಾಲ್ವಿಗೆ ವೋಲ್ಟೇಜು ಧಾರಾಳ, ಪ್ರವಾಹದಲ್ಲಿ ಜಿಪುಣತನ. 8 ಓಮ್‌ನ ಸ್ಪೀಕರಿಗೆ ಅದು ಕಷ್ಟದ ಸಂಗತಿ. 300 ಅಥವಾ 600 ಓಮ್‌ನ ಹೆಡ್‌ಫೋನಿಗೆ ಹೇಳಿ ಮಾಡಿಸಿದ ಜೋಡಿ.

ಇಷ್ಟನ್ನೂ ನನ್ನ ವಿದ್ಯಾರ್ಥಿಗೆ ವಿವರಿಸಿ, ಕೊನೆಗೆ ಒಂದು ಪ್ರಶ್ನೆ ಕೇಳಿದೆ: "ನಿಮ್ಮ ತಂದೆಯವರು ಒಂದು ದೊಡ್ಡ ಸ್ಟೀರಿಯೋ ಇಟ್ಟುಕೊಂಡಿದ್ದರಲ್ಲವೇ? ಅದೀಗ ಎಲ್ಲಿದೆ?" ಊರಿನ ಮನೆಯ ಅಟ್ಟದ ಮೇಲಿರಬೇಕೆಂದನು. ಅವನ ತಂದೆ ತೀರಿಕೊಂಡು ಕೆಲವು ವರ್ಷಗಳಾದವು. ಹಬ್ಬಕ್ಕೆ ಹೋದಾಗ ಇಳಿಸಿ ತಂದನು. ಹಾಗೆಯೇ ವಿದ್ಯುತ್ತಿಗೆ ಹಚ್ಚಬಾರದು, ಹಳೆಯ ಕೆಪಾಸಿಟರುಗಳು ಕೆಟ್ಟಿರುತ್ತವೆ ಎಂದು ಎಚ್ಚರಿಸಿದ್ದೆ. ರೇಡಿಯೋ ರಿಪೇರಿಯವರೊಬ್ಬರು ನಾಲ್ಕಾರು ಬಿಡಿಭಾಗಗಳನ್ನು ಬದಲಿಸಿಕೊಟ್ಟರಂತೆ. ಹೆಡ್‌ಫೋನ್ ರಂಧ್ರದ ಹಿಂದೆ 330 ಓಮ್‌ನ ರೆಸಿಸ್ಟರ್ ಇದೆಯೆಂದೂ ಅವರೇ ತೋರಿಸಿದರಂತೆ. ನನ್ನ ಎಂಟನೆಯ ಒಂದು ಭಾಗದ ನಿಯಮವನ್ನು ಅದು ಮೀರುತ್ತದೆ, ನಿಜ. ಆದರೆ ಡಿಟಿ 880ರ ಇಂಪೀಡೆನ್ಸ್ ಅಷ್ಟೇನೂ ಏರಿಳಿಯದು; ಸ್ವರಕ್ಕೆ ಆಗುವ ವ್ಯತ್ಯಾಸ ಅಲ್ಪ. ವೋಲ್ಟೇಜಂತೂ ಬೇಕಾದಷ್ಟಿದೆ.

ಆ ರಾತ್ರಿ ಮತ್ತೆ ದೂರವಾಣಿ ಬಂದಿತು. "ಸರ್, ವೀಣೆಯ ತಂತಿಯ ಮೇಲೆ ಬೆರಳು ಜಾರುವುದೂ ಕೇಳಿಸುತ್ತಿದೆ. ಅಪ್ಪ ಕೂತು ಕೇಳುತ್ತಿದ್ದ ಪೆಟ್ಟಿಗೆಯಿಂದಲೇ" ಎಂದನು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ.

ಎಲ್ಲರ ಮನೆಯ ಅಟ್ಟದಲ್ಲಿಯೂ ಸ್ಟೀರಿಯೋ ಇರದು. ಇಲ್ಲದವರು ಮೇಲಿನ ಎರಡು ಪ್ರಶ್ನೆಗಳಿಗೆ ಸರಿಯುತ್ತರ ಕೊಡುವ ಯಾವ ಸಾಧಾರಣ ಆಂಪ್ಲಿಫೈಯರನ್ನು ಕೊಂಡರೂ ಸಾಕು. ಆದರೆ ವೋಲ್ಟೇಜು ಧಾರಾಳವಾದಾಗ ಕಿವಿಗೆ ಅಪಾಯವೂ ಧಾರಾಳ. ಹೆಡ್‌ಫೋನ್ ಹಾಕಿಕೊಳ್ಳುವ ಮುನ್ನ ಗುಂಡಿಯನ್ನು ಪೂರ್ತಿ ಇಳಿಸಿಡಿ. ವಾರಕ್ಕೆ 40 ಗಂಟೆ ಕೇಳುವುದಾದರೆ ಸರಾಸರಿ 80 ಡೆಸಿಬೆಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಹೆಡ್‌ಫೋನ್ ಹೋದರೆ ಇನ್ನೊಂದು ಸಿಕ್ಕೀತು, ಕಿವಿ ಹೋದರೆ ಸಿಗದು.

ಓಮ್‌ನ ನಿಯಮದಿಂದ ಉಪಯೋಗವೇನು ಎಂದು ಅಂದು ಕೇಳಿದ ಹುಡುಗನಿಗೆ ನಾನು ಕೊಡಬೇಕಾಗಿದ್ದ ಉತ್ತರವಿದು. ಲೆಕ್ಕದಲ್ಲಿ ತಪ್ಪು ಕಂಡವರು ಮುಲಾಜಿಲ್ಲದೆ ತಿದ್ದಿ ಬರೆಯಿರಿ. ಈಗ ಪರೀಕ್ಷಕರು ನೀವು.