ಬಳ್ಳಿಗಾವೆಯ ರೋಗಿಶುಶ್ರೂಷೆಯೂ ಕರುಳಿನ ಶಸ್ತ್ರಕ್ರಿಯೆಯ ಅನಂತರದ ಪಥ್ಯವೂ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿದ್ದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಕರ್ನಾಟಕದ ವಿದ್ಯಾಭ್ಯಾಸದ ಚರಿತ್ರೆಯನ್ನು ಓದಿದವರಿಗೆಲ್ಲ ಪರಿಚಿತವಾದುದು. ಕಳಚುರಿ ಬಿಜ್ಜಳನ ಕಾಲದ ಈ ಶಾಸನವನ್ನು ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ, 1902ರಲ್ಲಿ, ಪ್ರಕಟಿಸಿದರು. ಮಠದಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಪಾಠವನ್ನು ಹೇಳುವ ಭಾಗವನ್ನೇ ವಿದ್ವಾಂಸರು ಬಹುಮಟ್ಟಿಗೆ ಎತ್ತಿಕೊಳ್ಳುತ್ತಾರೆ. ಆದರೆ ಅದೇ ಶಾಸನವು ಮುಂದುವರಿದು, ದೀನರಿಗೂ ಕುಂಟರು ಕುರುಡರು ಕಿವುಡರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತೆಂದೂ ತಿಳಿಸುತ್ತದೆ. ಅನ್ನದ ಮಾತೂ ಔಷಧದ ಮಾತೂ ಇಲ್ಲಿ ಒಂದೇ ಉಸಿರಿನಲ್ಲಿ ಬಂದಿವೆ. ನಮ್ಮ ಈ ಲೇಖನಕ್ಕೆ ಪ್ರೇರಣೆ ಅದೇ. ರೋಗದಿಂದ ಏಳುತ್ತಿರುವವನ ಎಲೆಗೆ ಏನನ್ನು ಬಡಿಸಬೇಕೆಂಬ ಪ್ರಶ್ನೆಯು ಇಂದು, ದೊಡ್ಡ ಕರುಳಿನ ಕ್ಯಾನ್ಸರಿಗಾಗಿ ಕರುಳಿನ ಒಂದು ಭಾಗವನ್ನು ತೆಗೆಸಿಕೊಂಡು ಮನೆಗೆ ಮರಳುವವರ ವಿಷಯದಲ್ಲಿ, ಪುನಃ ಎದ್ದು ನಿಂತಿದೆ.

ಈ ಸೀಮೆಯ ಮತ್ತೊಂದು ಶಾಸನವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಈಗಿನ ಶಿಕಾರಿಪುರ, ಸೊರಬ ತಾಲ್ಲೂಕುಗಳ ನೆಲವನ್ನು ಒಳಗೊಂಡಿದ್ದ ನಾಗರಖಂಡ ಎಪ್ಪತ್ತನ್ನು ಹತ್ತನೆಯ ಶತಮಾನದ ಆದಿಭಾಗದಲ್ಲಿ ಜಕ್ಕಿಯಬ್ಬೆ ಎಂಬಾಕೆ ಆಳಿದಳು. ಗಂಡ ತೀರಿಕೊಂಡ ಮೇಲೆ ನಾಳ್ಗಾವುಂಡಿಕೆ ಆಕೆಗೆ ಬಂದಿತು. ರೋಗವು ದೇಹವನ್ನು ಹಿಡಿದಾಗ ಆಕೆ ಅಧಿಕಾರವನ್ನು ಮಗಳಿಗೊಪ್ಪಿಸಿ, ಬಂದಳಿಕೆಯ ತೀರ್ಥಕ್ಕೆ ಬಂದು, ಆಹಾರವನ್ನು ತ್ಯಜಿಸುವ ವ್ರತದಿಂದ ದೇಹವನ್ನು ಬಿಟ್ಟಳು. ಅದು ಧರ್ಮದ ಸಂಕಲ್ಪ. ವೈದ್ಯದ ಅಳತೆಗೋಲಿನಿಂದ ಅದನ್ನು ಅಳೆಯುವುದು ಉಚಿತವಲ್ಲ. ಆದರೂ ಮರಳಿ ಏಳಬಯಸುವ ರೋಗಿಗೆ ಅನ್ನ ಕೊಡುವ ಏರ್ಪಾಡಿನ ಬೆಲೆಯು ಈ ಎರಡು ಕಲ್ಲುಗಳನ್ನು ಒಟ್ಟಿಗೆ ಓದಿದಾಗ ಹೆಚ್ಚು ಸ್ಪಷ್ಟವಾಗುತ್ತದೆ.

ಮಠದ ಪಾಕಶಾಲೆಯಲ್ಲಿ ಏನು ಬೇಯುತ್ತಿತ್ತೆಂಬುದನ್ನು ಶಾಸನವು ಹೇಳುವುದಿಲ್ಲ. ಅಲ್ಲಿ ಕರುಳಿನ ಶಸ್ತ್ರಕ್ರಿಯೆ ನಡೆಯುತ್ತಿತ್ತೆಂದು ಊಹಿಸುವುದಕ್ಕೂ ಆಧಾರವಿಲ್ಲ. ಆದರೆ ಆ ಕಾಲದ ವೈದ್ಯರ ಕೈಯಲ್ಲಿದ್ದ ಶಾಸ್ತ್ರಗಳು ನಮಗೆ ಉಳಿದಿವೆ. ಹೊಟ್ಟೆಯನ್ನು ಸೀಳಿ, ತೂತುಬಿದ್ದ ಕರುಳಿನ ಅಂಚುಗಳನ್ನು ಕಪ್ಪಿರುವೆಗಳಿಂದ ಕಚ್ಚಿಸಿ ಕೂಡಿಸುವ ಕ್ರಮವನ್ನು ಸುಶ್ರುತಸಂಹಿತೆಯು ವಿವರಿಸುತ್ತದೆ. ಶೋಧನಚಿಕಿತ್ಸೆಯಾದ ಅನಂತರ ಮಂದವಾಗಿರುವ ಜಠರಾಗ್ನಿಗೆ ಮೊದಲು ತೆಳುಗಂಜಿ, ಬಳಿಕ ಗಟ್ಟಿಗಂಜಿ, ಆಮೇಲೆ ಒಗ್ಗರಣೆಯಿಲ್ಲದ ಬೇಳೆಕಟ್ಟು, ತರುವಾಯ ಸಂಸ್ಕರಿಸಿದ ಕಟ್ಟು, ಕಡೆಗೆ ಮಾಂಸರಸ ಎಂದು ಚರಕಸಂಹಿತೆಯು ಮೆಟ್ಟಿಲುಗಳನ್ನು ಕಟ್ಟಿದೆ. ಕನ್ನಡದಲ್ಲಿಯೂ, ಸುಮಾರು 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ವೈದ್ಯವೂ ಪಾಕವೂ ಒಂದೇ ಗ್ರಂಥದಲ್ಲಿ ಸೇರಿವೆ. ಚರಕನ ಈ ಕ್ರಮವು ಶಸ್ತ್ರಕ್ರಿಯೆಗಾಗಿ ಹೇಳಿದುದಲ್ಲವೆಂಬುದನ್ನು ಮರೆಯಬಾರದು. ನಾವು ಅದರಿಂದ ಗ್ರಹಿಸತಕ್ಕದ್ದು ಇಷ್ಟು: ಹಳೆಯ ಪಥ್ಯವು ಮೇಲೇರುವ ಪಥ್ಯ, ಅದು ಗಂಜಿಯಲ್ಲಿ ನಿಲ್ಲುವುದಿಲ್ಲ, ಕೆಲವೇ ದಿನಗಳಲ್ಲಿ ಪೂರ್ಣಾಹಾರವನ್ನು ಮುಟ್ಟುತ್ತದೆ.

ನಮ್ಮ ಮನೆಗಳಲ್ಲಿ ಪಥ್ಯವೆಂಬ ಹೆಸರಿನಲ್ಲಿ ಉಳಿದಿರುವುದು ಅನೇಕ ವೇಳೆ ಮೊದಲನೆಯ ಮೆಟ್ಟಿಲು ಮಾತ್ರ. ರೋಗಿಗೆ ತಿಂಗಳುಗಟ್ಟಲೆ ಗಂಜಿ, ಉಪ್ಪು! ಇದು ಪ್ರೀತಿಯಿಂದ ಮಾಡುವ ಅಪಕಾರವೆಂದೇ ನಮ್ಮ ಅಭಿಪ್ರಾಯ. ಪಾಶ್ಚಾತ್ಯ ವೈದ್ಯವೂ ಇಂತಹುದೇ ಒಂದು ಕಟ್ಟಿಗೆ ಬಹುಕಾಲ ಒಳಗಾಗಿತ್ತು. ಕರುಳಿನ ಶಸ್ತ್ರಕ್ರಿಯೆಯಾದವನಿಗೆ ವಾಯು ಸರಿಯುವವರೆಗೂ ಬಾಯಿಗೆ ಏನನ್ನೂ ಕೊಡದೆ ಮಲಗಿಸಿಡುವುದು ವಾಡಿಕೆಯಾಗಿತ್ತು. 1990ರ ದಶಕದಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ ಮೊದಲಾದವರು ಈ ವಾಡಿಕೆಯನ್ನು ಪರೀಕ್ಷಿಸಿ ಸಡಿಲಿಸಿದರು. ತೊಡಕಿಲ್ಲದ ರೋಗಿಗೆ ಮೊದಲ ಇಪ್ಪತ್ತನಾಲ್ಕು ಗಂಟೆಗಳೊಳಗೇ ಆಹಾರವನ್ನು ಆರಂಭಿಸುವುದೂ ಮರುದಿನದೊಳಗೆ ಹಾಸಿಗೆಯಿಂದೆಬ್ಬಿಸಿ ನಡೆಸುವುದೂ ಈಗ ಅಂಗೀಕೃತ ಕ್ರಮ. ಗಾಯ ಮಾಯಲು ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 1.2ರಿಂದ 1.5 ಗ್ರಾಮಿನಷ್ಟು ಸಸಾರಜನಕವು, ಎಂದರೆ ಅರುವತ್ತು ಕಿಲೋ ತೂಗುವವರಿಗೆ 72ರಿಂದ 90 ಗ್ರಾಮು, ಬೇಕಾಗುತ್ತದೆ. ಬರಿಯ ಗಂಜಿಯಿಂದ ಅದು ದೊರೆಯುವಂತಿಲ್ಲ.

ಮಲೆನಾಡಿನ ಅಡುಗೆಮನೆಯಲ್ಲಿ ಇದಕ್ಕೆ ಬೇಕಾದುದೆಲ್ಲ ಉಂಟು. ಮೆತ್ತಗೆ ಬೆಂದ ಅನ್ನ, ಹೆಸರುಬೇಳೆಯ ಕಟ್ಟು, ಮೊಸರು, ತಿನ್ನುವವರಿಗೆ ಮೊಟ್ಟೆ ಮತ್ತು ಮೀನು. ಇವನ್ನು ಮೂರು ಹೊತ್ತಿಗೆ ಬದಲಾಗಿ ಐದಾರು ಹೊತ್ತು, ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಮೊದಲ ಕೆಲವು ವಾರ ನಾರು ಹೆಚ್ಚಿರುವ ಕಳಲೆ, ಹಲಸು ಮೊದಲಾದುವನ್ನು ದೂರವಿಡುವುದು ಲೇಸು. ಕರುಳು ಒಗ್ಗಿದಂತೆಲ್ಲ ಸೊಪ್ಪು, ಕಾಳು, ಇಡೀ ಧಾನ್ಯಗಳನ್ನು ಒಂದೊಂದಾಗಿ ಮರಳಿ ಸೇರಿಸುತ್ತ ಹೋಗಬೇಕು; ಇವನ್ನು ಶಾಶ್ವತವಾಗಿ ನಿಷೇಧಿಸುವುದು ತಪ್ಪು. ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದಿಟ್ಟಿರುವವರು ನೀರನ್ನೂ ಉಪ್ಪನ್ನೂ ಬಹಳ ಕಳೆದುಕೊಳ್ಳುವುದರಿಂದ ಅವರ ವಿಷಯದಲ್ಲಿ ವೈದ್ಯರ ಸೂಚನೆಯೇ ಪ್ರಮಾಣ.

ವ್ಯಾಯಾಮವನ್ನು ಕುರಿತು ಸುಶ್ರುತನು ಅರ್ಧಬಲದ ಮಿತಿಯನ್ನು ವಿಧಿಸಿದ್ದಾನೆ. ಈಚಿನ ಸಂಶೋಧನೆಯು ನಡಿಗೆಯ ಬೆಲೆಯನ್ನು ಅಂಕಿಗಳಲ್ಲಿ ತೋರಿಸಿದೆ. ಶಸ್ತ್ರಕ್ರಿಯೆಯನ್ನೂ ಕೀಮೋಥೆರಪಿಯನ್ನೂ ಮುಗಿಸಿದ 889 ಮಂದಿ ಕರುಳಿನ ಕ್ಯಾನ್ಸರ್ ರೋಗಿಗಳನ್ನು, ಮುಖ್ಯವಾಗಿ ಕೆನಡ ಮತ್ತು ಆಸ್ಟ್ರೇಲಿಯಗಳಲ್ಲಿ, ಎರಡು ಗುಂಪುಗಳಾಗಿಸಿ ನಡೆಸಿದ ಪರೀಕ್ಷೆಯ ಫಲಿತಾಂಶವು 2025ರಲ್ಲಿ ಪ್ರಕಟವಾಯಿತು. ಮಾರ್ಗದರ್ಶಕರ ನೆರವಿನಿಂದ ಮೂರು ವರ್ಷ ವ್ಯಾಯಾಮ ಮಾಡಿದವರಲ್ಲಿ ಎಂಟು ವರ್ಷಗಳ ಕೊನೆಗೆ ನೂರಕ್ಕೆ 90.3 ಮಂದಿ ಬದುಕಿದ್ದರು. ಆರೋಗ್ಯದ ಪುಸ್ತಿಕೆಯನ್ನು ಮಾತ್ರ ಪಡೆದವರಲ್ಲಿ 83.2 ಮಂದಿ. ವಾರಕ್ಕೆ ಮೂರು ನಾಲ್ಕು ಸಲ, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗಿನ ಬಿರುಸಾದ ನಡಿಗೆಯಿಂದ ಈ ಪ್ರಮಾಣವನ್ನು ಮುಟ್ಟಬಹುದು.

ಶಿಕಾರಿಪುರ, ಸೊರಬಗಳ ಬೇಸಾಯಗಾರನಿಗೆ ನಡಿಗೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅವನನ್ನು ತಡೆಯಬೇಕಾದದ್ದು ಭಾರದಿಂದ. ಹೊಲಿಗೆ ಹಾಕಿದ ಹೊಟ್ಟೆಯ ಗೋಡೆ ಗಟ್ಟಿಯಾಗುವವರೆಗೆ, ಸಾಮಾನ್ಯವಾಗಿ ಆರು ವಾರವಾದರೂ, ಭತ್ತದ ಮೂಟೆಗೂ ಅಡಕೆಗೊನೆಗೂ ಕೈಹಚ್ಚದೆ, ಮೊದಲು ಅಂಗಳದಲ್ಲಿ, ಆಮೇಲೆ ಕೆರೆಯ ಏರಿಯ ಮೇಲೆ, ದಿನದಿನಕ್ಕೆ ನಾಲ್ಕು ಹೆಜ್ಜೆ ಹೆಚ್ಚಾಗಿ ಅವನು ನಡೆಯಬೇಕು.