ಸದ್ದಡಗಿಸಿದ ಪೆಟ್ರೋಲ್

ಹೆಚ್ಚು ಬೆಲೆಯ ‘ಪ್ರೀಮಿಯಂ’ ಪೆಟ್ರೋಲಿನಲ್ಲಿ ಹೆಚ್ಚು ಶಕ್ತಿ ಇದೆಯೆಂದು ಹಲವರು ನಂಬುತ್ತಾರೆ. ಆದರೆ ಇಂಥ ಇಂಧನ ಬಂದದ್ದು ಒಂದು ಸದ್ದನ್ನು ಅಡಗಿಸಲು.

ಸಿಲಿಂಡರಿನೊಳಗೆ ಪೆಟ್ರೋಲ್-ಗಾಳಿ ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಎಂಜಿನ್ನಿನ ದಕ್ಷತೆ ಹೆಚ್ಚುತ್ತದೆ. ಒತ್ತಡ ಮಿತಿಮೀರಿದರೆ, ಕಿಡಿಯಿಂದ ಹೊರಟ ಜ್ವಾಲೆ ತಲಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಂಡು, ಸುತ್ತಿಗೆ ಬಡಿದಂತೆ ಸದ್ದಾಗುತ್ತದೆ. ಇದೇ ನಾಕಿಂಗ್. ಎಂಜಿನ್ನಿಗೂ ಇದರಿಂದ ಹಾನಿ.

ಟೆಟ್ರಾಈಥೈಲ್ ಸೀಸ ಇದನ್ನು ತಡೆಯುವುದೆಂದು ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಥಾಮಸ್ ಮಿಡ್ಗ್ಲಿ 1921ರ ಡಿಸೆಂಬರಿನಲ್ಲಿ ಕಂಡುಕೊಂಡರು. 1923ರಲ್ಲಿ ಓಹಾಯೋದ ಡೇಟನ್ ನಗರದಲ್ಲಿ ‘ಎಥಿಲ್’ ಎಂಬ ಹೆಸರಿನಿಂದ ಮಾರಾಟ ಆರಂಭವಾಯಿತು. ಹೆಸರಿನಲ್ಲಿ ಸೀಸದ ಸುಳಿವೇ ಇರಲಿಲ್ಲ! ಮರುವರ್ಷ ನ್ಯೂಜೆರ್ಸಿಯ ತಯಾರಿಕಾ ಘಟಕದಲ್ಲಿ ಐವರು ಕಾರ್ಮಿಕರು ಸೀಸದ ವಿಷದಿಂದ ಸತ್ತರು. 1925ರಲ್ಲಿ ನಿಂತ ಮಾರಾಟ 1926ರಲ್ಲಿ ಮತ್ತೆ ಶುರುವಾಯಿತು. ಭಾರತ ಸೀಸದ ಪೆಟ್ರೋಲನ್ನು ಕೈಬಿಟ್ಟದ್ದು 2000ದಲ್ಲಿ.

ಇನ್ನು ಆಕ್ಟೇನ್ ಅಂಕದ ಕಥೆ. ಗ್ರಹಾಂ ಎಡ್ಗರ್ 1920ರ ದಶಕದಲ್ಲಿ, ಸುಲಭವಾಗಿ ನಾಕ್ ಆಗುವ ಹೆಪ್ಟೇನಿಗೆ 0, ಅದನ್ನು ಚೆನ್ನಾಗಿ ತಡೆಯುವ ಐಸೋಆಕ್ಟೇನಿಗೆ 100 ಎಂದಿಟ್ಟು ಈ ಅಳತೆ ರೂಪಿಸಿದರು. ಹಾಗಾಗಿ ಈ ಅಂಕ ಅಳೆಯುವುದು ತಡೆಯುವ ಗುಣವನ್ನು, ಇಂಧನದ ಶಾಖವನ್ನಲ್ಲ. ಹೆಚ್ಚು ಸಂಪೀಡನದ, ಟರ್ಬೋ ಎಂಜಿನ್ನುಗಳಿಗೆ ಅದು ಬೇಕಾಗಬಹುದು. ನಿಮ್ಮ ವಾಹನದ ಕೈಪಿಡಿ 91 ಸಾಕೆಂದರೆ, 97ಕ್ಕೆ ತೆರುವ ಹೆಚ್ಚಿನ ಹಣಕ್ಕೆ ಎಂಜಿನ್ ಸಾಮಾನ್ಯವಾಗಿ ಏನನ್ನೂ ಮರಳಿಸದು.